ನಿಯಾಂಡರ್ತಾಲ್ ಮಾನವನೂ ನಮ್ಮ ಆದಿಪುರಾಣವೂ
(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಜನ್ಮಕಲ್ಯಾಣದ ದಿನ ಈ ಮಂಟಪದಲ್ಲಿ ನಾಭಿರಾಜನ ಆಸ್ಥಾನವನ್ನು ಕಣ್ತುಂಬ ಕಂಡೆವು. ಅಂದು ಜಯನಗರದ ಬಾಲಕನೊಬ್ಬನು ನನ್ನ ಬಳಿಗೆ ಬಂದು, “ತಾತಾ, ನಿಯಾಂಡರ್ತಾಲ್ ಮಾನವರು ನಾಭಿರಾಜನಿಗಿಂತ ಮೊದಲಿದ್ದರೋ, ಆಮೇಲೋ? ಪುರಾಣ ಸುಳ್ಳೋ, ಪಾಠ ಸುಳ್ಳೋ?” ಎಂದು ಕೇಳಿದನು. ಕೂಡಲೇ ಉತ್ತರ ಹೊಳೆಯಲಿಲ್ಲ. ಆದರೆ ಅವನನ್ನು ಗದರಿಸಿ ಕಳುಹಿಸಿದ್ದರೆ ಅವನು ಬಸದಿಯ ಮೆಟ್ಟಿಲನ್ನು ಮತ್ತೆ ಏರುತ್ತಿರಲಿಲ್ಲವೇನೋ.

ಜಗತ್ತಿಗೆ ಸೃಷ್ಟಿಕರ್ತನಿಲ್ಲ, ಅದು ಅನಾದಿ ಎಂಬುದು ನಮ್ಮ ಸಿದ್ಧಾಂತ. ಆದ್ದರಿಂದ ಕಾಲದ ಅಗಾಧತೆ ನಮ್ಮನ್ನು ಹೆದರಿಸಲಾರದು. ಇಲ್ಲಿಗೆ ಸಮೀಪದ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರ ತಂಡ ಉತ್ಖನನ ಮಾಡಿದ ಶಿಲಾಯುಧಗಳಿಗೆ ಸುಮಾರು 12 ಲಕ್ಷ ವರ್ಷವೆಂದು ಅಳೆದಿದ್ದಾರೆ.

ತೊಡಕಿರುವುದು ಬೇರೆಡೆಯಲ್ಲಿ. ಭೋಗಭೂಮಿಯ ಜನರು ಕಲ್ಪವೃಕ್ಷಗಳಿಂದ ಬದುಕಿದರು, ವೃಷಭದೇವನ ಎತ್ತರ 500 ಧನುಸ್ಸು ಎನ್ನುತ್ತದೆ ಪುರಾಣ. ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ 1856ರಲ್ಲಿ ದೊರೆತ ಅಸ್ಥಿಗಳಿಂದ ಹೆಸರು ಪಡೆದ ಆ ಮಾನವರಾದರೋ ನಮಗಿಂತ ತುಸು ಗಿಡ್ಡರು, ಬೇಟೆಗಾರರು. ಸುಮಾರು 40,000 ವರ್ಷಗಳ ಹಿಂದೆ ಅಳಿದುಹೋದರು. ಅವರೇ ಭೋಗಭೂಮಿಜರೆಂದು ಬಲವಂತದಿಂದ ಹೊಂದಿಸಿದರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯ ಮಾಡಿದಂತೆ. ಅನೇಕಾಂತವೆಂದರೆ ಎಲ್ಲಕ್ಕೂ ಹೌದೆಂದು ತಲೆಯಾಡಿಸುವುದಲ್ಲ. ಯಾವ ಮಾತು ಯಾವ ಅಪೇಕ್ಷೆಯಿಂದ ಹೊರಟಿದೆಯೆಂದು ವಿವೇಚಿಸುವುದು.

ದೇಹ ಪುದ್ಗಲ, ಅದರ ಚರಿತ್ರೆಯನ್ನು ಅಸ್ಥಿ ಹೇಳಬಲ್ಲದು. ಅಲ್ಲಿ ಅದರ ಸಾಕ್ಷ್ಯವನ್ನು ಒಪ್ಪಲು ನಾವು ಅಂಜಬೇಕಾಗಿಲ್ಲ. ಜೀವದ ಬಂಧ ಮೋಕ್ಷಗಳನ್ನು ಅಸ್ಥಿ ಹೇಳಲಾರದು. ಪಂಪನು ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ರಚಿಸಿದ್ದು ಎಲುಬಿನ ಅಳತೆ ತಿಳಿಸಲು ಅಲ್ಲ, ಭೋಗದಿಂದ ತ್ಯಾಗಕ್ಕೆ ಸಾಗುವ ಜೀವದ ದಾರಿ ತೋರಲು. ಕಲ್ಪವೃಕ್ಷಗಳು ಬರಿದಾದಾಗ ಕಂಗೆಟ್ಟ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸಿದ ಭಗವಂತನು, ಪ್ರಶ್ನೆ ಹೊತ್ತು ಬಂದವರನ್ನು ಹಿಂದಕ್ಕೆ ಅಟ್ಟಲಿಲ್ಲ.

ಇನ್ನೊಂದು ಸಂಗತಿ. ಇರಾಕಿನ ಶನಿದಾರ್ ಗುಹೆಯಲ್ಲಿ 1957ರಲ್ಲಿ ಒಬ್ಬ ನಿಯಾಂಡರ್ತಾಲ್ ಪುರುಷನ ಅಸ್ಥಿಗಳು ದೊರೆತವು. ಬಲಗೈ ಕ್ಷೀಣಿಸಿತ್ತು, ಎಡಗಣ್ಣಿನ ದೃಷ್ಟಿಯೂ ಹೋಗಿದ್ದಿರಬೇಕು. ಆದರೂ ಗಾಯಗಳು ಮಾಗಿದ್ದವು. ಆತ ವರ್ಷಾನುಗಟ್ಟಲೆ ಬದುಕಿದ್ದನು. ಸಂಗಡಿಗರ ಆಸರೆಯಿಲ್ಲದೆ ಅದು ಸಾಧ್ಯವಾಗಿರಲಾರದೆಂದು ವಿದ್ವಾಂಸರು ಊಹಿಸುತ್ತಾರೆ. ಜೀವಿಗಳು ಪರಸ್ಪರ ಉಪಕಾರಿಗಳೆಂದು ತತ್ತ್ವಾರ್ಥಸೂತ್ರದಲ್ಲಿ ಓದುವ ನಮಗೆ ಆ ಗುಹೆಯವರು ಪರಕೀಯರೇ? 2022ರಲ್ಲಿ ನೊಬೆಲ್ ಪಡೆದ ಸ್ವಾಂಟೆ ಪೇಬೊ ಅವರ ಸಂಶೋಧನೆಯಿಂದ ತಿಳಿದಂತೆ, ಆಫ್ರಿಕದ ಹೊರಗಿನ ಜನರ ವಂಶವಾಹಿಗಳಲ್ಲಿ ಶೇಕಡಾ 1ರಿಂದ 2ರಷ್ಟು ಅವರಿಂದಲೇ ಬಂದದ್ದು. ಈ ಸಭೆಯಲ್ಲಿ ಕುಳಿತ ನಮ್ಮಲ್ಲಿಯೂ ಅವರ ಅಂಶವಿದೆ.

ಮರುದಿನ ಆ ಬಾಲಕನಿಗೆ ಇಷ್ಟು ಹೇಳಿದೆ: “ಮಗೂ, ಅವರು ಎಷ್ಟು ವರ್ಷದ ಹಿಂದಿನವರೆಂಬುದನ್ನು ಪಾಠದಿಂದ ಕಲಿ. ಅವರೂ ಮನಸ್ಸುಳ್ಳ ಪಂಚೇಂದ್ರಿಯ ಜೀವಿಗಳು, ನಮ್ಮಂತೆಯೇ ಸುಖದುಃಖ ಉಂಡವರು ಎಂಬುದನ್ನು ಬಸದಿಯಲ್ಲಿ ನೆನೆ. ಎರಡೂ ಹೊಂದದ ಕಡೆ ಹೊಂದುವುದಿಲ್ಲವೆಂದೇ ಹೇಳು. ಸುಳ್ಳು ಮಾತ್ರ ಹೇಳಬೇಡ. ಸತ್ಯವೂ ನಮ್ಮ ವ್ರತವೇ.” ಮರುಸಂಜೆ ಅವನು ಇನ್ನೊಂದು ಪ್ರಶ್ನೆಯೊಡನೆ ಬಂದನು. ಬಸದಿಗೇ ಬಂದನು.

ಜೈ ಜಿನೇಂದ್ರ.