ಮುಗಿಲ ಮೇಲಣ ಕಾಯಕ

ದಾವಣಗೆರೆಯ ಎಸ್.ಎಸ್. ಬಡಾವಣೆಯ ಮಾಳಿಗೆಯ ಮೇಲೆ ನಿಂತು, ಬೆಳಗಿನ ಚಹಾ ಗುಟುಕರಿಸುತ್ತ, ಅತ್ಯುನ್ನತ ಗಗನದಲ್ಲಿ ಬಿಳಿಯ ಗೆರೆಯೆಳೆದು ಸಾಗುವ ವಿಮಾನವನ್ನು ಕಂಡವನಿಗೆ, ಅದರ ಚಾಲಕನಷ್ಟು ಧನ್ಯರಾರೆಂಬ ಭಾವ ಮೂಡುವುದು ಸಹಜ. ವಿಮಾನ ನಿಲ್ದಾಣವೇ ಇಲ್ಲದ ಊರು ನಮ್ಮದು. ದೂರದ ಬೆಟ್ಟ ನುಣ್ಣಗಿರದೆ ಮತ್ತೇನು?

2021ರ ಜನವರಿ 11ರಂದು ವಿಮಾನ ಚಾಲಕಿ ಕ್ಯಾಪ್ಟನ್ ಝೋಯಾ ಅಗರ್ವಾಲರೂ ಅವರ ಮೂವರು ಸಹಚಾಲಕಿಯರೂ, ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳ ತರುವಾಯ ಬೆಂಗಳೂರಿನಲ್ಲಿ ಇಳಿದಾಗ, ಆ ಸಾಧನೆಯನ್ನು ನಾಡೆಲ್ಲ ಕೊಂಡಾಡಿತು. ಆದರೆ ಇಂಥ ದಿನಗಳು ವಿರಳ. ಉಳಿದಂತೆ, ಲೋಕವೆಲ್ಲ ಗಾಢನಿದ್ರೆಯಲ್ಲಿರುವ ಅಪರಾತ್ರಿಯಲ್ಲಿ ಎದ್ದು ಸಮವಸ್ತ್ರ ತೊಡುವುದು, ಮಕ್ಕಳ ಹುಟ್ಟುಹಬ್ಬದಂದು ಪರವೂರಿನ ಹೋಟೆಲಿನಲ್ಲಿರುವುದು, ನಿಯತಕಾಲದ ವೈದ್ಯಕೀಯ ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ ಜೀವನೋಪಾಯವೇ ನಿಂತೀತೆಂಬ ಅಳುಕು, ಇವೂ ಆ ವೃತ್ತಿಯ ಭಾಗಗಳೇ. ಸಂಬಳ ದೊಡ್ಡದು, ನಿಜ. ನಿದ್ದೆಯನ್ನು ಮಾತ್ರ ಅದರಿಂದ ಕೊಳ್ಳಲಾಗದು.

2025ರ ಜುಲೈಯಿಂದ ನಮ್ಮ ದೇಶದ ನಿಯಮವು ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿತು. ಹೆಚ್ಚಿದ್ದು ಬರಿಯ ಹನ್ನೆರಡು ಗಂಟೆ. ಎರಡು ರಾತ್ರಿ ಸ್ವಂತ ಮಂಚದ ಮೇಲೆ ಮಲಗಿ, ಮೂರನೆಯ ಮುಂಜಾವಿನಲ್ಲಿ ಮನೆಯವರೊಡನೆ ಕುಳಿತು ಚಹಾ ಕುಡಿಯಲು ಆ 48 ಗಂಟೆ ಸಾಕು.