ನಾಲೆಯ ಸೀಮೆಯ ಇಬ್ಬರು ಜನನಾಯಕರು



ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯವನ್ನು ದಾಟಿ, ಮದ್ದೂರು ಮಳವಳ್ಳಿಗಳ ಕಟ್ಟಕಡೆಯ ಗದ್ದೆಗಳನ್ನು ಮುಟ್ಟುವುದೋ ಇಲ್ಲವೋ ಎಂಬುದೇ ಈ ಸೀಮೆಯ ರಾಜಕಾರಣದಲ್ಲಿ ಮೊದಲನೆಯ ಪ್ರಶ್ನೆ. ಸೋಮನಹಳ್ಳಿಯ ಎಸ್. ಎಂ. ಕೃಷ್ಣ, ಕೆ. ಎಂ. ದೊಡ್ಡಿಯಲ್ಲಿ ನೆಲೆನಿಂತ ಜಿ. ಮಾದೇಗೌಡ, ಈ ಇಬ್ಬರು ನಾಯಕರನ್ನು ಅಳೆಯುವುದಕ್ಕೂ ಅದೇ ತಕ್ಕ ಅಳತೆಗೋಲು.

ಇರ್ವರೂ 1962ನೆಯ ಇಸವಿಯ ಚುನಾವಣೆಯಲ್ಲಿಯೇ ಶಾಸನಸಭೆಯನ್ನು ಪ್ರವೇಶಿಸಿದವರು. ಅಮೇರಿಕಾದಲ್ಲಿ ವ್ಯಾಸಂಗಮಾಡಿ ಬಂದು, ಇನ್ನೂ ಮೂವತ್ತು ತುಂಬದಿದ್ದ ಕೃಷ್ಣರು ಮದ್ದೂರಿನಲ್ಲಿ ಪಕ್ಷೇತರರಾಗಿ ನಿಂತು, ಕೆ. ವಿ. ಶಂಕರೇಗೌಡರಂತಹ ಹಿರಿಯರನ್ನು ಸೋಲಿಸಿದುದು ಅಂದು ಸಾಮಾನ್ಯವಾದ ಸಂಗತಿಯಾಗಿರಲಿಲ್ಲ. ಮಾದೇಗೌಡರು ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಕ್ಷೇತ್ರದವರು. ಅಲ್ಲಿಂದ 6 ಸಲ ಶಾಸನಸಭೆಗೂ, ಬಳಿಕ ಮಂಡ್ಯದಿಂದ 2 ಸಲ ಲೋಕಸಭೆಗೂ ಆಯ್ಕೆಯಾದರು. ಕೃಷ್ಣರಾದರೋ ಸಭಾಧ್ಯಕ್ಷ, ಉಪಮುಖ್ಯಮಂತ್ರಿ, 1999ರಲ್ಲಿ ಮುಖ್ಯಮಂತ್ರಿ, ಅನಂತರ ಮಹಾರಾಷ್ಟ್ರದ ರಾಜ್ಯಪಾಲ, 2009ರಿಂದ 2012ರವರೆಗೆ ವಿದೇಶಾಂಗ ಸಚಿವ, ಹೀಗೆ ಪದವಿಯಿಂದ ಪದವಿಗೆ ಏರಿದರು. ಪದವಿಗಳ ಪಟ್ಟಿಯನ್ನು ಮಾತ್ರವೇ ನೋಡುವುದಾದರೆ ಹೋಲಿಕೆಗೆ ಎಡೆಯೇ ಇಲ್ಲ.

ಕೃಷ್ಣರ ಆಳ್ವಿಕೆಯೆಂದರೆ ಬೆಂಗಳೂರಿನ ಬೆಳವಣಿಗೆಯೊಂದೇ ಎನ್ನುವವರುಂಟು. ಅದು ಸರಿಯಾದ ಮಾತಲ್ಲ. ಶಾಲೆಯ ಮಕ್ಕಳಿಗೆ ಬಿಸಿಯೂಟವನ್ನಿಕ್ಕುವ ಕಾರ್ಯವು 2002ರಲ್ಲಿ ಆರಂಭವಾದುದು ಅವರ ಕಾಲದಲ್ಲಿಯೇ. ಅದಕ್ಕೆ ಅಕ್ಷರ ದಾಸೋಹವೆಂಬ ಹೆಸರು ಬಂದುದು ಶರಣರ ನಾಡಿಗೆ ಒಪ್ಪುವಂತಹುದು. ಹಸಿದ ವಿದ್ಯಾರ್ಥಿಗೆ ಅನ್ನವಿಕ್ಕಿ ಅಕ್ಷರ ಕಲಿಸುವುದನ್ನು ಮಠಗಳು ಬಹುಕಾಲದಿಂದ ಬಲ್ಲವು. ಸಹಕಾರಸಂಘದ ರೈತರ ಶಸ್ತ್ರಚಿಕಿತ್ಸೆಗಾಗಿ ಯಶಸ್ವಿನಿ ಯೋಜನೆಯು 2003ರಲ್ಲಿ ಬಂದಿತು.

ಆದರೆ 2002ರಲ್ಲಿ ಮಳೆ ಹೋಯಿತು. ತಮಿಳುನಾಡಿಗೆ ನೀರು ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯದ ಆಜ್ಞೆ; ಬಿಡಕೂಡದೆಂದು ಮಂಡ್ಯದ ರೈತರ ಕೂಗು. ಆ ಕೂಗಿಗೆ ಮುಂದಾಳಾದವರು ಕಾವೇರಿ ಹಿತರಕ್ಷಣಾ ಸಮಿತಿಯ ಮಾದೇಗೌಡರು. ಒಂದೇ ಸೀಮೆಯ ಇಬ್ಬರು ಹೀಗೆ ಎದುರುಬದುರಾದರು. ಕೃಷ್ಣರು ನೀರನ್ನು ತಡೆದರು. ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟರು. ಕಡೆಗೆ ನ್ಯಾಯಾಲಯದ ಮುಂದೆ ಬೇಷರತ್ತಾಗಿ ಕ್ಷಮೆ ಕೋರಬೇಕಾಯಿತು. ಮುಖ್ಯಮಂತ್ರಿಯಾದವನು ಇಡೀ ರಾಜ್ಯಕ್ಕೂ ಸಂವಿಧಾನಕ್ಕೂ ಕಟ್ಟುಬಿದ್ದವನು. ಚಳವಳಿಯ ಮುಖಂಡನಿಗೆ ಆ ಭಾರವಿಲ್ಲ. ಇದನ್ನು ಮರೆತು ಕೃಷ್ಣರನ್ನು ಹಳಿಯುವುದು ನ್ಯಾಯವಲ್ಲ. ಹಾಗೆಂದು ಮಾದೇಗೌಡರದು ಬರಿಯ ಹಠವೆನ್ನುವುದೂ ಸಲ್ಲದು. ಬೆಳೆ ಒಣಗಿದವನ ಮಾತು ರಾಜಧಾನಿಗೆ ಕೇಳಿಸುವಂತೆ ನುಡಿಯಬಲ್ಲವರು ಬೇಕಾಗಿದ್ದಿತು. ಮುಖ್ಯಮಂತ್ರಿಗಳು ನಡೆದು ಬರಬೇಕಾದ ಊರಿನಲ್ಲಿ ಅವರು ಮೊದಲೇ ಇದ್ದರು.

2004ರಲ್ಲಿ ಕೃಷ್ಣರು ಮದ್ದೂರನ್ನು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ಸ್ಪರ್ಧಿಸಿದರು. ಗೆದ್ದರು, ಅಧಿಕಾರ ಮಾತ್ರ ಉಳಿಯಲಿಲ್ಲ. ಮಾದೇಗೌಡರು ಮುಂದೆಯೂ ಕಾವೇರಿಯ ಧರಣಿಗಳಲ್ಲಿ ಕುಳಿತರು. ಕರ್ನಾಟಕದ ಪಾಲು 284.75 ಟಿ.ಎಂ.ಸಿ. ಎಂದು, ಅಂದರೆ 14.75 ಹೆಚ್ಚಾಗಿ, 2018ರ ಫೆಬ್ರವರಿಯಲ್ಲಿ ತೀರ್ಪಾದಾಗ ಇರ್ವರೂ ಬದುಕಿದ್ದರು. ಮಾದೇಗೌಡರು 2021ರಲ್ಲಿಯೂ ಕೃಷ್ಣರು 2024ರಲ್ಲಿಯೂ ಕಾಲವಾದರು. ಕಿರುಗಾವಲು ಕ್ಷೇತ್ರವು 2008ರಲ್ಲಿಯೇ ಇಲ್ಲವಾಯಿತು. ಮಾದೇಗೌಡರು ಕಟ್ಟಿದ ಭಾರತೀ ವಿದ್ಯಾಸಂಸ್ಥೆಗಳು ಮದ್ದೂರು ಮಳವಳ್ಳಿಗಳ ನಡುವಣ ಕೆ. ಎಂ. ದೊಡ್ಡಿಯಲ್ಲಿ ನಡೆಯುತ್ತಲಿವೆ.