ಕೋಪನ್‌ಹೇಗನ್ನಿನಲ್ಲಿ ಕಟ್ಟದೇ ಉಳಿದ ರಸ್ತೆ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿಯೂ ಅದರ ಸುತ್ತಮುತ್ತಲಿನಲ್ಲಿಯೂ ಒಂದು ವಾರ ಸೈಕಲ್ ತುಳಿದು ಬಂದ ಅನುಭವವನ್ನು ಹೇಳಬೇಕೆಂದು ಬಳಗದವರು ಅಪ್ಪಣೆ ಮಾಡಿದ್ದಾರೆ. ಘಟ್ಟದ ಏರಿನಲ್ಲಿ ಸೈಕಲ್ಲನ್ನು ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚಾದ ನಾನು ಸ್ವಲ್ಪ ಅಸಡ್ಡೆಯಿಂದಲೇ ಹೊರಟವನು. ಗ್ರೀನ್‌ಲ್ಯಾಂಡ್, ಫೆರೋ ದ್ವೀಪಗಳನ್ನು ಬಿಟ್ಟರೆ ಆ ದೇಶದ ಅತ್ಯುನ್ನತ ನೆಲವೇ ಸುಮಾರು 171 ಮೀಟರ್. ಅಂಥ ಚಪ್ಪಟೆ ನಾಡಿನಲ್ಲಿ ಜನ ಸೈಕಲ್ ಹೊಡೆದರೆ ಹೆಚ್ಚುಗಾರಿಕೆಯೇನು ಎಂಬುದು ನನ್ನ ಎಣಿಕೆಯಾಗಿತ್ತು.

ಅಲ್ಲಿಯ ದೊಡ್ಡ ಬೀದಿಗಳಲ್ಲಿ ಸೈಕಲ್ ಹಾದಿಯು ವಾಹನಗಳ ರಸ್ತೆಗಿಂತ ಒಂದು ಮೆಟ್ಟಿಲು ಎತ್ತರದಲ್ಲಿಯೂ, ಕಾಲುನಡಿಗೆಯವರ ಹಾದಿಗಿಂತ ಒಂದು ಮೆಟ್ಟಿಲು ತಗ್ಗಿನಲ್ಲಿಯೂ ಇರುತ್ತದೆ. ಬಣ್ಣದ ಗೆರೆಯನ್ನು ಕಾರು ದಾಟೀತು; ಕಲ್ಲಿನ ಅಂಚನ್ನು ದಾಟಲು ಅನುಮಾನಿಸುತ್ತದೆ. ಸಂಚಾರವೆಲ್ಲ ಬಲಬದಿಯಲ್ಲಿ. ಎಡಕ್ಕೆ ತಿರುಗುವ ಸೈಕಲ್ಲಿಗ ನಡುರಸ್ತೆಗೆ ನುಗ್ಗುವಂತಿಲ್ಲ. ಕೂಡುರಸ್ತೆಯನ್ನು ನೇರವಾಗಿ ದಾಟಿ, ಆಚೆಯ ಮೂಲೆಯಲ್ಲಿ ನಿಂತು, ಅನಂತರ ತಿರುಗಬೇಕು. ನಿಲ್ಲುವ ಮುನ್ನ ಕೈಯೆತ್ತಬೇಕು. ಮೊದಲ ದಿನ ಸೇತುವೆಯೊಂದರ ಮೇಲೆ ಚಿತ್ರ ತೆಗೆಯಲೆಂದು ನಾನು ಕೈಯೆತ್ತದೆ ನಿಂತೆ. ಹಿಂದಿನಿಂದ ಬಂದ ವೃದ್ಧೆಯೊಬ್ಬರು ಮೈಮೇಲೆ ಬೀಳುವುದೊಂದು ಬಾಕಿ. ಅವರಾಡಿದ ಡ್ಯಾನಿಶ್ ನುಡಿ ತಿಳಿಯದಿದ್ದರೂ ಅಭಿಪ್ರಾಯ ಚೆನ್ನಾಗಿ ತಿಳಿಯಿತು. ಅದು ರಾಣಿ ಲೂಯಿಸಳ ಸೇತುವೆ. ಕೆಲಸದ ದಿನಗಳಲ್ಲಿ 40,000ಕ್ಕೂ ಮಿಕ್ಕಿ ಸೈಕಲ್ಲುಗಳು ಅದನ್ನು ಹಾಯುತ್ತವೆ.

ಆ ಸೇತುವೆಯ ಎರಡೂ ಮಗ್ಗುಲಿಗೆ ಸರೋವರಗಳ ಸಾಲು. ದಡದಲ್ಲಿ ಮರಗಳು, ಮಣ್ಣಿನ ಕಾಲುದಾರಿ, ಹಂಸಗಳು. 1960ರ ದಶಕದಲ್ಲಿ ಇದೇ ದಡದುದ್ದಕ್ಕೆ ಬಹುಪಥದ ಹೆದ್ದಾರಿಯೊಂದನ್ನು ಹಾಯಿಸುವ ಯೋಜನೆ ಸಿದ್ಧವಾಗಿತ್ತು! ಆಗ ಆ ಊರಿನಲ್ಲಿಯೂ ಕಾರು ಹೆಚ್ಚಿ ಸೈಕಲ್ಲು ಹಿಂದೆ ಸರಿಯುತ್ತಿತ್ತು. ಎಂದರೆ, ಅವರೇನೂ ಹುಟ್ಟಿನಿಂದ ಹಸಿರು ಜನರಲ್ಲ. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿದಾಗ ಜನ ತಮ್ಮ ಬೀದಿಗಳ ಮೌನವನ್ನು ಕೇಳಿದರು. ಆ ದಶಕದ ಕೊನೆಯ ಹೊತ್ತಿಗೆ ಸಾವಿರಾರು ಸೈಕಲ್ಲಿಗರು ಸುರಕ್ಷಿತ ಹಾದಿಗಾಗಿ ಬೀದಿಗಿಳಿದಿದ್ದರು. ಸೈಕಲ್ಲಿಗರು ಸತ್ತ ಸ್ಥಳಗಳಲ್ಲಿ ರಸ್ತೆಯ ಮೇಲೆ ಬಿಳಿಯ ಶಿಲುಬೆಗಳನ್ನು ಬರೆದರು. ಸರೋವರದ ಹೆದ್ದಾರಿ 1970ರ ದಶಕದಲ್ಲಿ ಕೈಬಿಟ್ಟುಹೋಯಿತು. ಜನರ ವಿರೋಧವೊಂದೇ ಗೆದ್ದಿತೆಂದರೆ ಅತಿಶಯೋಕ್ತಿಯಾದೀತು, ಖಜಾನೆಯೂ ಬರಿದಾಗಿತ್ತು. ಆದರೆ ಹಣ ಬಂದ ಮೇಲೆಯೂ ಆ ಯೋಜನೆ ಮರಳಲಿಲ್ಲ.

ಪ್ರವಾಸಿಗರೆಲ್ಲ ನೋಡುವ 1913ರ ಮತ್ಸ್ಯಕನ್ಯೆಯ ವಿಗ್ರಹವನ್ನೂ ನೋಡಿದೆ. ಚಿಕ್ಕದು.

ಒಂದು ದಿನ ಕಡಲಂಚಿನ ಹಾದಿ ಹಿಡಿದು ಉತ್ತರಕ್ಕೆ, ಕ್ಲಾಂಪೆನ್‌ಬೋರ್ಗಿನ ಬಳಿಯ ಜಿಂಕೆವನಕ್ಕೆ ಹೋದೆ. 1669ರಲ್ಲಿ ಅರಸನ ಬೇಟೆಗೆಂದು ಬೇಲಿ ಕಟ್ಟಲಾರಂಭಿಸಿದ ಕಾಡದು. ಈಗ ಎಲ್ಲರಿಗೂ ಮುಕ್ತ, ಕಾರುಗಳಿಗೆ ಮಾತ್ರ ಇಲ್ಲ. ಬೀಚ್ ಮರಗಳ ಕೆಳಗೊಂಬೆಗಳು ಕತ್ತರಿಸಿಟ್ಟಂತೆ ಒಂದೇ ಮಟ್ಟಕ್ಕೆ ನಿಂತಿವೆ. ಜಿಂಕೆಯ ಬಾಯಿ ಎಟಕುವ ಎತ್ತರವದು. ಎಳೆಯ ಸಸಿಗಳು ಅಪರೂಪ. ನಮ್ಮ ಸೊಪ್ಪಿನಬೆಟ್ಟಗಳನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಪೇಟೆಯಿಂದ ಹೊರಗೆ ಹೊಲಗಳೇ ಹೊಲಗಳು. ದೇಶದ ಸುಮಾರು ಶೇ. 60ರಷ್ಟು ನೆಲ ಸಾಗುವಳಿಯಲ್ಲಿದೆ. ಗೊಬ್ಬರದ ಸಾರಜನಕವು ಹರಿದುಹೋಗಿ ಕಡಲಿನ ಕೊಲ್ಲಿಗಳು ಪ್ರಾಣವಾಯುವಿಲ್ಲದೆ ಸೊರಗಿವೆ. ಕೃಷಿವಿಜ್ಞಾನಿಯಾಗಿ ನಾನು ಇದನ್ನು ಮುಚ್ಚಿಡಲಾರೆ. 2,50,000 ಹೆಕ್ಟೇರ್ ಹೊಸ ಕಾಡು ಬೆಳೆಸಲು 2024ರಲ್ಲಿ ಅಲ್ಲಿಯ ಸರ್ಕಾರ, ರೈತ ಸಂಘಟನೆ ಮತ್ತು ಪರಿಸರ ಸಂಘಟನೆ ಒಂದೇ ಮೇಜಿಗೆ ಕುಳಿತು ಒಪ್ಪಿವೆ.

ಕೊನೆಯ ಸಂಜೆ ಅಮಾಗರ್ ಕಡಲತೀರದಲ್ಲಿ ಸೈಕಲ್ ಒರಗಿಸಿ ಮಿಡೆಲ್‌ಗ್ರುಂಡೆನ್ನಿನ ಗಾಳಿಯಂತ್ರಗಳನ್ನು ನೋಡುತ್ತ ಕುಳಿತೆ. ಮೊದಲ ನಕಾಶೆಯಲ್ಲಿದ್ದುದು ಮೂರು ಸಾಲಿನಲ್ಲಿ 27 ಯಂತ್ರಗಳು. ಊರಿನ ಕಣ್ಣಿಗೆ ಅದು ಒಪ್ಪದೆಂದು ಅಹವಾಲಿನಲ್ಲಿ ಆಕ್ಷೇಪ ಬಂತು. 2000ದಲ್ಲಿ ಎದ್ದುನಿಂತದ್ದು ಬಿಲ್ಲಿನಂತೆ ಬಾಗಿದ ಒಂದೇ ಸಾಲು, 20 ಯಂತ್ರಗಳು. ಅರ್ಧದ ಒಡೆತನ 8,000ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದಾಯಿತು. ಆಕ್ಷೇಪಿಸಿದವರನ್ನು ಅಭಿವೃದ್ಧಿವಿರೋಧಿಗಳೆಂದು ತಳ್ಳಿಹಾಕದೆ, ನಕಾಶೆಯನ್ನೇ ತಿದ್ದಿದರು.

ನನ್ನ ಮಾತು ಇಷ್ಟೇ. ನಮ್ಮ ಘಟ್ಟದ ರಸ್ತೆ ಅಗಲೀಕರಣದ ಅಹವಾಲು ಸಭೆಗೆ ಹೋಗಬೇಕಾದವರು ಇಲ್ಲಿದ್ದೀರಿ. ಪ್ರಶ್ನೆಗಳಿದ್ದರೆ ನೀವೇ ಮೊದಲು ಕೇಳಿ.